ನಾಲ್ಕು ಡಬ್ಬಿ ಬಣ್ಣದ ಮುನಿನಾರಾಯಣಮ್ಮ

ಮರವೇನಹಳ್ಳಿ, ಬೂದಿಕೋಟೆ ಹೋಬಳಿ
3 ಅಕ್ಟೋಬರ್ 2024

ಮಾನ್ಯ ಕುಪ್ಪುಸ್ವಾಮಿಯವರಿಗೆ ನಮಸ್ಕಾರಗಳು.

ನಾನು ಮರವೇನಹಳ್ಳಿ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ರಾಬರ್ಟ್‌ಸನ್‌ಪೇಟೆಯ ನಿಮ್ಮ ಅಂಗಡಿ ನಂಬರಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿಮ್ಮ ಸೊಸೆ ಕಲಾ ಅವರೇ ತೆಗೆದುಕೊಂಡು, "ಮಾಮಾಗೆ ಫೋನಲ್ಲಿ ಕೇಳ್ಸಲ್ಲಕ್ಕಾ. ನಾನ್ ಹೇಳಿದ್ರೆ ನಂಬಲ್ಲ. ಒಂದು ಕಾಗದ ಬರ್ದುಬಿಡಿ, ಕಾಗದ ಬಂದ್ರೆ ಅಂಗೇ ಕೂತ್ಕೊಂಡು ಜವಾಬು ಬರೀತಾರೆ" ಎಂದರು. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಸಂಘಕ್ಕೆ ಹೊಸ ಕಟ್ಟಡವಾಗಿದೆ. ಡಿಸೆಂಬರ್ 1ರ ಭಾನುವಾರ ಉದ್ಘಾಟನೆ. ಹಾಲು ಅಳೆಯುವ ಹಾಲ್‌ನಲ್ಲಿ ಮುನಿನಾರಾಯಣಮ್ಮನವರ ದೊಡ್ಡ ಚಿತ್ರ ಹಾಕಬೇಕೆಂದು ಕಮಿಟಿ ತೀರ್ಮಾನಿಸಿದೆ. ಮೂವತ್ತು ವರ್ಷದ ಹಿಂದೆ ಮನೆ ಮನೆ ತಿರುಗಿ ಹನ್ನೊಂದು ಹಸುಗಳ ಹಾಲಿನಿಂದ ಸಂಘ ಕಟ್ಟಿದವರು ಅವರು. ನಮ್ಮ ಅಧ್ಯಕ್ಷರಾದ ಅಶ್ವತ್ಥಪ್ಪನವರು ಫ್ಲೆಕ್ಸ್ ಸಾಕು ಎಂದರು. ಫ್ಲೆಕ್ಸ್ ಎರಡು ಮಳೆಗಾಲಕ್ಕೆ ಬಿಳಚಿಕೊಳ್ಳುತ್ತದೆ, ಕೈಯಲ್ಲಿ ಬರೆದದ್ದೇ ಆಗಬೇಕೆಂದು ನಾನು ಹಟ ಹಿಡಿದೆ. ನೋಡಿದವರ ಎದೆ ತುಂಬಿ ಬರುವಂತಿರಬೇಕು.

ಅಮ್ಮನವರ ಫೋಟೋ ಎಂದು ನಮ್ಮ ಬಳಿ ಇರುವುದು ಆಧಾರ್ ಕಾರ್ಡಿನದು ಒಂದೇ. ಅದನ್ನೇ ದೊಡ್ಡದು ಮಾಡಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಅಳತೆ ಮೂರಡಿ, ಎರಡೂವರೆ ಅಡಿ.

ತಮ್ಮ ವಿಶ್ವಾಸಿ,
ಸುಕನ್ಯ

*

ಕುಪ್ಪುಸ್ವಾಮಿ ಆರ್ಟ್ಸ್, ರಾಬರ್ಟ್‌ಸನ್‌ಪೇಟೆ
7 ಅಕ್ಟೋಬರ್ 2024

ಕಾರ್ಯದರ್ಶಿ ಮೇಡಂ ಅವರಿಗೆ ವಂದನೆಗಳು.

ತಮ್ಮ ಕಾಗದ, ಫೋಟೋ ತಲುಪಿದವು. ಮುನಿನಾರಾಯಣಮ್ಮನವರ ಆತ್ಮಕ್ಕೆ ಶಾಂತಿ ಸಿಗಲಿ. ತಮ್ಮ ಊರಿಗೆ ಆಗಿರುವ ನಷ್ಟ ನನಗೆ ಅರ್ಥವಾಗುತ್ತದೆ.

ಕೆಲಸ ಒಪ್ಪಿದ್ದೇನೆ. ಕೆಳಗಿನ ವಿವರ ದಯವಿಟ್ಟು ತಿಳಿಸಿ. ಅಮ್ಮನವರು ತೀರಿಕೊಂಡ ದಿನಾಂಕ. ಹುಟ್ಟಿದ ದಿನಾಂಕ ಗೊತ್ತಿಲ್ಲದಿದ್ದರೆ ವರ್ಷ ಸಾಕು. ಹಣೆಗೆ ಕುಂಕುಮವೋ ವಿಭೂತಿಯೋ. ತಲೆಯ ಹಿಂದೆ ಬೆಳಕು ಬೇಕೋ ಬೇಡವೋ. ಬೇಕಾದರೆ ಸಾದಾ ಬೆಳಕೋ, ಕಿರಣ ಬಿಟ್ಟಂತೆ ಇರಬೇಕೋ. ಮೇಲೆ ಹಾರ ಹಾಕಲು ನಾಲ್ಕು ಬೆರಳು ಜಾಗ ಬಿಡುವುದು ನನ್ನ ಪದ್ಧತಿ.

ಒಂದು ವಿಷಯ ಮೊದಲೇ ಹೇಳಬೇಕು. ನಾನು ನಾಲ್ಕೇ ಬಣ್ಣದಲ್ಲಿ ಮುಖ ಬರೆಯುವವನು. ಬಿಳಿ, ಕಪ್ಪು, ಕೆಂಪು, ಮಣ್ಣಿನ ಹಳದಿ. ಇಲ್ಲಿ ಚಿನ್ನದ ಗಣಿ ನಡೆಯುತ್ತಿದ್ದಾಗ ಕಂಟ್ರಾಕ್ಟರ್ ಕೈಕೆಳಗೆ ಎಚ್ಚರಿಕೆ ಬೋರ್ಡು ಬರೆಯುತ್ತಿದ್ದೆ. ಅವನು ಕೊಡುತ್ತಿದ್ದದ್ದು ಈ ನಾಲ್ಕು ಡಬ್ಬಿ. ಊಟದ ಹೊತ್ತಿನಲ್ಲಿ ಉಳಿದ ಬಣ್ಣದಲ್ಲಿ ಜೊತೆಗಾರರ ಮುಖ ಬರೆದು ಕಲಿತೆ. ಆಮೇಲೆ ಒಂದು ಸಲ ನೀಲಿ ಡಬ್ಬಿ ತಂದಿದ್ದೆ. ಕೈ ಬರೀ ಅದರ ಕಡೆಗೇ ಹೋಗಿ ಎರಡು ಮುಖ ಕೆಟ್ಟವು. ಅದನ್ನು ಸೈಕಲ್ಲಿಗೆ ಬಳಿದು ಮುಗಿಸಿದೆ. ನಾಲ್ಕರಲ್ಲಿ ಮನುಷ್ಯನ ಮುಖ ಪೂರ್ತಿ ಬರುತ್ತದೆ.

ಇತಿ,
ಕುಪ್ಪುಸ್ವಾಮಿ

*

ಮರವೇನಹಳ್ಳಿ
10 ಅಕ್ಟೋಬರ್ 2024

ಕುಪ್ಪುಸ್ವಾಮಿಯವರಿಗೆ ನಮಸ್ಕಾರ.

ಮುನಿನಾರಾಯಣಮ್ಮನವರು ಬದುಕಿದ್ದಾರೆ.

ನಿಮ್ಮ ಕಾಗದ ಬಂದಾಗ ನಾನು ಬಂಗಾರಪೇಟೆಗೆ ಹೋಗಿದ್ದೆ. ಬೆಳಗಿನ ಹಾಲಿನ ಹೊತ್ತು. ಅಶ್ವತ್ಥಪ್ಪನವರು ಸಂಘದ ಟಪಾಲು ಎಂದು ಒಡೆದು, ಸಾಲಿನಲ್ಲಿ ನಿಂತಿದ್ದ ನಲವತ್ತು ಜನರ ಮುಂದೆ ಜೋರಾಗಿ ಓದಿದ್ದಾರೆ. ಸಾಲಿನಲ್ಲಿ ಏಳನೆಯವರು ಅಮ್ಮನವರೇ. ಆತ್ಮಕ್ಕೆ ಶಾಂತಿ ಎಂಬಲ್ಲಿಗೆ ಬರುವಾಗ ಅವರು ಹಾಲಿನ ಕ್ಯಾನು ಕೆಳಗಿಟ್ಟು, "ಯಾವೋನ್ಲಾ ಅವ್ನು, ನನ್ ತಿಥಿ ಊಟ ಉಂಡು ಬಂದೋನು?" ಎಂದು ಕೇಳಿದರಂತೆ. ಅಶ್ವತ್ಥಪ್ಪನವರು ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ತಡ್ಕೋ ಅತ್ತೇ, ಇನ್ನಾ ಹಾರಕ್ಕೆ ಜಾಗ ಬಿಡೋದು ಐತೆ" ಎಂದು ಕೊನೆತನಕ ಓದಿದ್ದಾರೆ.

ತಪ್ಪು ನನ್ನದೂ ಇದೆ. ಬದುಕಿದ್ದಾರೆ ಎಂದು ಬರೆಯಬೇಕೆಂದು ನನಗೆ ಹೊಳೆಯಲಿಲ್ಲ. ಅವರನ್ನು ಬಲ್ಲವರಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ.

ಈಗ ಕಷ್ಟ ಏನೆಂದರೆ, ನಮ್ಮ ಕಡೆ ಗೋಡೆಗೆ ಚಿತ್ರ ಏರುವುದು ಹೋದವರದು. ಅಮ್ಮನವರು ಮೊದಲೇ ಹಿಂದೆ ಮುಂದೆ ನೋಡುತ್ತಿದ್ದರು. ಸಂಜೆ ಅವರ ಮನೆಗೆ ಹೋಗಿ ಕಾಲು ಹಿಡಿದೆ. ಕೊನೆಗೆ ಅಂದರು: "ಆಯ್ತು, ಬರೀಲಿ. ಆದ್ರೆ ಜೀವ ಇರೋ ಅಂಗೆ ಕಾಣ್ಬೇಕು. ಸತ್ತೋರ್ ತರ ಕಂಡ್ರೆ ಆ ಬಿಲ್ಡಿಂಗ್ ಒಳಕ್ಕೆ ನಾನ್ ಕಾಲಿಕ್ಕಲ್ಲ. ಬಾಗ್ಲಲ್ಲೇ ನಿಂತು ನೋಡ್ತೀನಿ, ಅಂಗೇ ತಿರುಕ್ಕೊಂಡು ಓಗ್ತೀನಿ."

ಅವರು ಒಳಗೆ ಬರದಿದ್ದರೆ ಉದ್ಘಾಟನೆ ಇಲ್ಲ. ಅವರನ್ನು ಬಿಟ್ಟು ಟೇಪು ಕತ್ತರಿಸುವ ಧೈರ್ಯ ನಮ್ಮೂರಲ್ಲಿ ಯಾರಿಗೂ ಇಲ್ಲ. ಚಿತ್ರ ಬೇಕೆಂದು ಹಟ ಹಿಡಿದವಳು ನಾನು.

ಬದುಕಿರುವವರ ಚಿತ್ರ ನೀವು ಎಷ್ಟು ಬರೆದಿದ್ದೀರಿ ಎಂದು ತಿಳಿಸಿದರೆ ಕಮಿಟಿಗೆ ಧೈರ್ಯ ಹೇಳುತ್ತೇನೆ.

ಸುಕನ್ಯ

*

ರಾಬರ್ಟ್‌ಸನ್‌ಪೇಟೆ
15 ಅಕ್ಟೋಬರ್ 2024

ಸುಕನ್ಯ ಮೇಡಂ ಅವರಿಗೆ ವಂದನೆಗಳು.

ಅಮ್ಮನವರ ಕ್ಷಮೆ ಕೇಳುತ್ತೇನೆ. ನೂರು ವರ್ಷ ಬಾಳಲಿ.

ಇದುವರೆಗೆ ಒಟ್ಟು ಇನ್ನೂರ ಹನ್ನೆರಡು ಮುಖ ಬರೆದಿದ್ದೇನೆ. ಒಂದೂ ವಾಪಸ್ ಬಂದಿಲ್ಲ. ಕಮಿಟಿಗೆ ಇದನ್ನು ತಿಳಿಸಬಹುದು.

ಆಧಾರ್ ಫೋಟೋದಿಂದ ಬರೆಯಲು ಆಗುವುದಿಲ್ಲ. ಅದರಲ್ಲಿ ಅಮ್ಮನವರು ಬೇರೆಯವರ ಹೊಲದಲ್ಲಿ ಸಿಕ್ಕಿಬಿದ್ದವರ ಹಾಗೆ ಇದ್ದಾರೆ. ಅವರೇ ಬಂದು ನನ್ನ ಮುಂದೆ ಕೂರಬೇಕು. ನಾಲ್ಕು ಸಲ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಅಂಗಡಿಗೆ ಉತ್ತರದ ಕಿಟಕಿ ಇದೆ, ಬೆಳಕು ಆಡುವುದಿಲ್ಲ. ಬೇಸರವಾದರೆ ಮಾತಾಡುತ್ತಾ ಕೂರಬಹುದು, ನನಗೆ ತೊಂದರೆ ಇಲ್ಲ.

ತಲೆಯ ಹಿಂದಿನ ಬೆಳಕು ತೆಗೆದುಹಾಕಿದ್ದೇನೆ.

ಕುಪ್ಪುಸ್ವಾಮಿ

*

ಮರವೇನಹಳ್ಳಿ
24 ಅಕ್ಟೋಬರ್ 2024

ಕುಪ್ಪುಸ್ವಾಮಿಯವರೇ, ನಮಸ್ಕಾರ.

ಅಮ್ಮನವರು ಎರಡು ಸಲ ನಿಮ್ಮಲ್ಲಿಗೆ ಬಂದು ಹೋದಮೇಲೆ ಊರಿನಲ್ಲಿ ನಿಮ್ಮ ಮಾತೇ. "ಅಂತಾ ಮನುಷ್ಯನ್ನ ನಾನ್ ನೋಡೇ ಇಲ್ಲಮ್ಮಾ. ಎರಡ್ ಗಂಟೆ ಮಾತಾಡಿದ್ರೂ ಒಂದು ಮಾತು ಅಡ್ಡ ಆಕ್ಲಿಲ್ಲ. ನಮ್ಮನೇವ್ರು ಇದ್ದಿದ್ರೆ ಎರಡ್ ನಿಮಿಷಕ್ಕೆ ಎದ್ದೋಗ್ತಿದ್ರು" ಎನ್ನುತ್ತಾರೆ. ಫೋನಿನಲ್ಲಿ ಕೇಳಿಸದಿದ್ದರೂ ಎದುರು ಕೂತರೆ ನಿಮಗೆ ಚೆನ್ನಾಗಿ ಕೇಳಿಸುತ್ತದೆ ಎಂದು ತಿಳಿದು ನನಗೂ ಸಮಾಧಾನವಾಯಿತು.

ನೀವು ಒಪ್ಪಿಕೊಂಡ ವಿಷಯಗಳನ್ನು ಒಂದು ಸಲ ಖಚಿತ ಮಾಡಿಕೊಳ್ಳುತ್ತೇನೆ. ಸೀರೆ ಅವರು ಉಟ್ಟು ಬರುತ್ತಿರುವ ನೀಲಿಯದೇ. ಅದು ಮೊಮ್ಮಗಳು ಪುಷ್ಪ ಮೊದಲ ಸಂಬಳದಲ್ಲಿ ತಂದದ್ದು, ಅದಕ್ಕೆ ನೀಲಿ ಬಿಟ್ಟು ಬೇರೆ ಆಗಬಾರದು. ಮೂಗಿನ ಪಕ್ಕದ ನರಹುಲಿ ಬೇಡ. ಪಕ್ಕದಲ್ಲಿ ಅವರ ಹಸು ಇರಬೇಕು, ಹಸುವಿನ ಕೊರಳಲ್ಲಿ ಗಂಟೆ. ಮೈದುನ ಸೀನಪ್ಪನ ಜೊತೆಗಿನ ಬದುವಿನ ಜಗಳದಲ್ಲಿ ನ್ಯಾಯ ತಮ್ಮ ಕಡೆಗಿದೆ ಎಂದು ಕೂಡ ನೀವು ಮೂರು ಸಲ ತಲೆ ಆಡಿಸಿದಿರಂತೆ. ಅಮ್ಮನವರು ಅದನ್ನು ಸೀನಪ್ಪನಿಗೆ ಹೇಳಿಯೂ ಆಗಿದೆ. "ಕೇಜಿಎಫ್‌ನಲ್ಲಿ ದೊಡ್ಡ ಮನುಷ್ಯರೊಬ್ರು ಒಪ್ಪವ್ರೆ."

ನಾಲ್ಕು ಬಣ್ಣದಲ್ಲಿ ನೀಲಿ ಇಲ್ಲವಲ್ಲ, ಹೇಗೆ ಒಪ್ಪಿದಿರಿ ಎಂದು ತಿಳಿಯಲಿಲ್ಲ.

ಬದುಕಿರುವವರ ಚಿತ್ರ ಎಷ್ಟು ಎಂಬುದಕ್ಕೂ ಉತ್ತರ ಬಂದಿಲ್ಲ.

ಸುಕನ್ಯ

*

ರಾಬರ್ಟ್‌ಸನ್‌ಪೇಟೆ
28 ಅಕ್ಟೋಬರ್ 2024

ಸುಕನ್ಯಮ್ಮನವರೇ,

ಸತ್ಯ ಬರೆಯುತ್ತೇನೆ. ನನಗೆ ಒಂದಕ್ಷರವೂ ಕೇಳಿಸಿಲ್ಲ. ಎರಡು ಕಿವಿಯೂ ಹೋಗಿ ಹದಿನಾಲ್ಕು ವರ್ಷವಾಯಿತು. ಮಷಿನ್ ಇದೆ. ಹಾಕಿಕೊಂಡರೆ ಸಿಳ್ಳೆ ಹೊಡೆಯುತ್ತದೆ, ಕೈ ನಡುಗುತ್ತದೆ, ಆದ್ದರಿಂದ ಕೆಲಸದ ಹೊತ್ತಿನಲ್ಲಿ ಡ್ರಾಯರಿನಲ್ಲಿರುತ್ತದೆ. ನಾನು ತಲೆ ಆಡಿಸಿದ್ದು ಮಾತಿಗಲ್ಲ. ಮುಖ ನೋಡಿ ಕ್ಯಾನ್ವಾಸ್ ನೋಡಿ, ಮುಖ ನೋಡಿ ಕ್ಯಾನ್ವಾಸ್ ನೋಡಿ ಬರೆಯುವವನ ತಲೆ ಆಡಲೇಬೇಕು. ಸೀನಪ್ಪನವರಿಗೆ ದಯವಿಟ್ಟು ತಿಳಿಸಿ, ಅವರ ಬದು ಎಲ್ಲಿದೆ ಎಂದೇ ನನಗೆ ಗೊತ್ತಿಲ್ಲ.

ಹಸು ಆಗುವುದಿಲ್ಲ. ಮೂರಡಿಯಲ್ಲಿ ಇಬ್ಬರಿಗೆ ಜಾಗವಿಲ್ಲ. ನರಹುಲಿ ಇರುತ್ತದೆ. ಅದನ್ನು ತೆಗೆದರೆ ಮೂಗು ಎಲ್ಲಿ ನಿಲ್ಲಬೇಕೆಂದು ಗೊತ್ತಾಗುವುದಿಲ್ಲ.

ನೀಲಿ ಆಗುತ್ತದೆ. ಕಪ್ಪಿಗೆ ಬಿಳಿ ಸೇರಿಸಿದರೆ ಬೂದಿ ಬಣ್ಣ. ಆ ಬೂದಿಯ ಪಕ್ಕದಲ್ಲಿ ಕೆಂಪು, ಹಳದಿ ಬೆರೆತ ಚರ್ಮ ಬಂದರೆ ಕಣ್ಣು ಬೂದಿಯನ್ನು ನೀಲಿ ಎಂದು ಓದುತ್ತದೆ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದ್ದನ್ನು ನೋಡಿ ಹೆಸರಿಡುತ್ತದೆ. ನಿನ್ನೆ ಸೆರಗಿನ ಒಂದು ಭಾಗ ಬರೆದು ಕಲಾಳನ್ನು ಕರೆದೆ. ಅವಳು ಕಾಗದದ ಮೇಲೆ ಬರೆದು ತೋರಿಸಿದಳು: "ನೀಲಿ ಪೇಂಟ್ ಯಾವಾಗ ತಂದ್ರಿ ಮಾಮಾ?"

ಇನ್ನು ನೀವು ಎರಡು ಸಲ ಕೇಳಿದ ಪ್ರಶ್ನೆ. ಇನ್ನೂರ ಹನ್ನೆರಡೂ ಹೋದವರೇ. ಊಟದ ಹೊತ್ತಿನಲ್ಲಿ ಬರೆದ ಜೊತೆಗಾರರನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅವರು ನಿದ್ದೆ ಮಾಡುತ್ತಿದ್ದರು. ಬದುಕಿರುವವರಲ್ಲಿ ಅಮ್ಮನವರೇ ಮೊದಲು. ಮೊದಲೇ ಹೇಳಿದ್ದರೆ ನೀವು ಫ್ಲೆಕ್ಸ್‌ಗೆ ಹೋಗುತ್ತಿದ್ದಿರಿ.

ಹೋದವರು ಒಂದು ಮುಖ ಇಟ್ಟುಕೊಂಡು ಕೂರುತ್ತಾರೆ. ಅಮ್ಮನವರಿಗೆ ಎರಡು ಗಂಟೆಯಲ್ಲಿ ನಲವತ್ತು ಮುಖ. ಎಡಗಣ್ಣು ಬರೆಯುವಾಗ ಸಿಟ್ಟು, ಬಲಗಣ್ಣಿಗೆ ಬರುವಷ್ಟರಲ್ಲಿ ನಗು. ಎರಡನ್ನೂ ಹಾಗೇ ಬರೆದೆ, ಇಬ್ಬರು ಹೆಂಗಸರು ಆದರು. ಉಜ್ಜಿ ತೆಗೆದೆ. ಬಾಯಿ ಮುಚ್ಚಿ ಬರೆದೆ. ಅದು ಹೋದವರಲ್ಲಿ ಇನ್ನೂರ ಹದಿಮೂರನೆಯದು ಆಯಿತು. ಅದನ್ನೂ ತೆಗೆದೆ.

ಕೈಗೆ ಹಳೇ ಅಭ್ಯಾಸ. ಇನ್ನೂ ಎರಡು ಸಲ ಹೆಚ್ಚಿಗೆ ಕೂರಿಸಬೇಕು.

ಕುಪ್ಪುಸ್ವಾಮಿ

*

ಮರವೇನಹಳ್ಳಿ
5 ನವೆಂಬರ್ 2024

ಕುಪ್ಪುಸ್ವಾಮಣ್ಣನವರೇ, ನಮಸ್ಕಾರ.

ನಿಮ್ಮ ಕಾಗದ ಓದಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕಮಿಟಿಗೆ ಇನ್ನೂರ ಹನ್ನೆರಡು ಎಂದು ಮಾತ್ರ ಹೇಳಿದ್ದೇನೆ. ಯಾರು ಎತ್ತ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನಿಮಗೆ ಕೇಳಿಸುವುದಿಲ್ಲ ಎಂದು ಅಮ್ಮನವರಿಗೆ ಹೇಳುವ ಮನಸ್ಸಾಗಲಿಲ್ಲ. ಹಿಂದಿನ ದಿನವೇ ಮಾತು ಜೋಡಿಸಿಕೊಂಡು ಬರುತ್ತಾರೆ. ಮೊನ್ನೆ ಬಸ್ ತಪ್ಪಿ ಬಂಗಾರಪೇಟೆಯಲ್ಲಿ ಒಂದು ಗಂಟೆ ನಿಂತರೂ ವಾಪಸ್ ಬರಲಿಲ್ಲ. "ನಿನ್ನೆದು ಅರ್ಧಕ್ಕೆ ನಿಂತೈತೆ, ಪಾಪ ಅವ್ರು ಕಾಯ್ತಿರ್ತಾರೆ" ಎಂದರಂತೆ. ಸೀನಪ್ಪನಿಗೂ ತಿಳಿಸಿಲ್ಲ. ಅವನು ಎರಡಡಿ ಹಿಂದೆ ಸರಿದಿದ್ದಾನೆ.

ಅಶ್ವತ್ಥಪ್ಪನವರು ದಿನಾ ಚುಚ್ಚುತ್ತಾರೆ. "ಫ್ಲೆಕ್ಸಲ್ಲಿ ಕೋಟಿ ಕಲರ್ ಬತ್ತದೆ ಕಣಮ್ಮಾ, ನೀನ್ ನಾಲ್ಕಕ್ಕೆ ಓಗಿದ್ದೀಯಾ" ಎಂದು. ನೀವು ಬೂದಿಯ ವಿಷಯ ಬರೆದದ್ದನ್ನು ಅವರಿಗೆ ಹೇಳಲಿಲ್ಲ.

ಹೊಸ ಹಾಲ್‌ಗೆ ಬಣ್ಣ ಹೊಡೆಯುತ್ತಿದ್ದಾರೆ. ಬಣ್ಣ ನಾನೇ ಆರಿಸಿದ್ದು. ನಿಮ್ಮ ಚಿತ್ರಕ್ಕೆ ಒಪ್ಪುವಂತೆ ಯೋಚಿಸಿ ಆರಿಸಿದ್ದೇನೆ. ಯಾವುದೆಂದು ಈಗ ಹೇಳುವುದಿಲ್ಲ, ಬಂದು ನೋಡಿದಾಗ ನಿಮಗೇ ಸಂತೋಷವಾಗುತ್ತದೆ.

ಸುಕನ್ಯ

*

ರಾಬರ್ಟ್‌ಸನ್‌ಪೇಟೆ
21 ನವೆಂಬರ್ 2024

ಸುಕನ್ಯಮ್ಮನವರೇ,

ಚಿತ್ರ ಮುಗಿಯಿತು. ನಾಲ್ಕು ಸಲ ಎಂದದ್ದು ಎಂಟಾಯಿತು.

ಏಳನೆಯ ದಿನದವರೆಗೂ ಅದು ಸತ್ತೇ ಇತ್ತು. ಅಮ್ಮನವರು ನೀರು ಕುಡಿಯಲು ಎದ್ದು ಹೋಗಿ, ಬಾಗಿಲಲ್ಲಿ ನಿಂತು, ಏನೋ ನೆನಪಾಗಿ ನನ್ನ ಕಡೆ ತಿರುಗಿದರು. ಬಾಯಿ ಇನ್ನೂ ತೆರೆದಿರಲಿಲ್ಲ, ಆದರೆ ಮಾತು ತುಟಿಯ ಹಿಂದೆ ಬಂದು ನಿಂತಿತ್ತು. ಕಣ್ಣು ಮಾತಿಗಿಂತ ಮೊದಲೇ ನನ್ನನ್ನು ಹಿಡಿದಿತ್ತು. ಅಷ್ಟನ್ನೇ ಬರೆದೆ. ಕಣ್ಣಿಗೆ ಕಪ್ಪು, ಒಂದು ಚುಕ್ಕಿ ಬಿಳಿ. ತುಟಿಗೆ ಕೆಂಪಿನಲ್ಲಿ ಚೂರು ಕಪ್ಪು. ಮುಖಕ್ಕೆ ಬಿಳಿ ಬಹಳ ಕಡಿಮೆ ಹಾಕಿದ್ದೇನೆ. ಹೋದವರ ಮನೆಯವರು ಬೆಳ್ಳಗೆ ಮಾಡಿ ಎನ್ನುತ್ತಾರೆ, ಮಾಡಿ ಮಾಡಿ ನನಗೆ ಬೇಸರವಾಗಿತ್ತು. ಅಮ್ಮನವರ ಬಣ್ಣ ಬಿಸಿಲಿನದು, ಅದಕ್ಕೆ ಹಳದಿ ಕೆಂಪು ಸಾಕು.

ಎದುರಿನ ಫ್ಲೆಕ್ಸ್ ಅಂಗಡಿಯ ಸೆಲ್ವರಾಜ್ ಬಂದು ನೋಡಿ, ಇದು ಯಾವ ಕಂಪನಿಯ ನೀಲಿ ಎಂದು ಕೈಸನ್ನೆಯಲ್ಲಿ ಕೇಳಿದ. ನಾಲ್ಕು ಡಬ್ಬಿ ತೋರಿಸಿದೆ. ನಂಬದೆ ಬೆಂಚಿನ ಕೆಳಗೆಲ್ಲ ಹುಡುಕಿದ.

ಚಿತ್ರ ಒಯ್ಯಲು ನಿಮ್ಮ ಸಂಘದ ಹಾಲಿನ ವ್ಯಾನ್ 27ಕ್ಕೆ ಬರಲಿ. ಪೂರ್ತಿ ಒಣಗಿಲ್ಲ, ಚೌಕಟ್ಟು ಒಂದು ತಿಂಗಳು ಹಾಕಬೇಡಿ. ಅಮ್ಮನವರಿಗೆ ನಾನು ತೋರಿಸಿಲ್ಲ. ಉದ್ಘಾಟನೆಗೆ ನಾನು ಬರುವುದಿಲ್ಲ. ಬರೆದವನು ಎದುರಿಗಿದ್ದರೆ ಯಾರೂ ನಿಜ ಹೇಳುವುದಿಲ್ಲ.

ಕುಪ್ಪುಸ್ವಾಮಿ

*

ಮರವೇನಹಳ್ಳಿ
28 ನವೆಂಬರ್ 2024, ಬೆಳಿಗ್ಗೆ
(ಬಸ್ ಕಂಡಕ್ಟರ್ ಸುಬ್ರಮಣಿಯವರ ಕೈಯಲ್ಲಿ)

ಅಣ್ಣಾ, ಮೋಸವಾಯಿತು.

ವ್ಯಾನಿನಿಂದ ಇಳಿಸಿದಾಗ ನೀಲಿ ಇತ್ತು. ನಾನೇ ಕಣ್ಣಾರೆ ನೋಡಿದೆ. ಹಾಲ್‌ನಲ್ಲಿ ಮೊಳೆಗೆ ನೇತುಹಾಕಿ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರೆ ಸೀರೆ ಬೂದಿ ಬಣ್ಣ. ಬರೀ ಬೂದಿ. ಸೀರೆ ಬೂದಿಯಾದ ಮೇಲೆ ಮುಖವೂ ಸೊರಗಿದಂತೆ ಕಾಣುತ್ತಿದೆ. ಅಶ್ವತ್ಥಪ್ಪನವರು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಸೀರೆ ಅಲ್ಲಮ್ಮಾ ಇದು, ಸಿಮೆಂಟ್ ಮೂಟೆ. ಹನ್ನೊಂದನೇ ದಿನದ ಫೋಟೋ ಆದ್ರೂ ಇದಕ್ಕಿಂತ ಕಳೆಯಾಗಿರ್ತದೆ" ಎಂದರು. ಶನಿವಾರ ಸಂಜೆಯೊಳಗೆ ಸರಿಹೋಗದಿದ್ದರೆ ಫ್ಲೆಕ್ಸ್ ಮಾಡಿಸುತ್ತಾರಂತೆ, ಅದೂ ಆಧಾರ್ ಫೋಟೋದಿಂದ.

ಅಮ್ಮನವರು ಇನ್ನೂ ನೋಡಿಲ್ಲ. ಹಾಲ್‌ಗೆ ಬೀಗ ಹಾಕಿ ಕೀಲಿ ನನ್ನ ಸೆರಗಿನಲ್ಲಿ ಕಟ್ಟಿಕೊಂಡಿದ್ದೇನೆ. ಕಲಾ ಅವರ ಫೋನಿಗೆ ಚಿತ್ರದ ಫೋಟೋ ಕಳಿಸಿದ್ದೇನೆ. ದಯವಿಟ್ಟು ಒಂದು ಡಬ್ಬಿ ನೀಲಿ ತೆಗೆದುಕೊಂಡು ಮುಂದಿನ ಬಸ್ಸಿಗೇ ಬನ್ನಿ. ಡಬ್ಬಿ ಬೇಕಾದರೆ ನಾನೇ ತಂದಿಡುತ್ತೇನೆ, ಬರೀ ನೀವು ಬಂದರೆ ಸಾಕು.

ಸುಕನ್ಯ

*

ರಾಬರ್ಟ್‌ಸನ್‌ಪೇಟೆ
28 ನವೆಂಬರ್, ಸಂಜೆ
(ಅದೇ ಕಂಡಕ್ಟರ್ ಕೈಯಲ್ಲಿ)

ಸುಕನ್ಯಮ್ಮ,

ಕಲಾ ಫೋನ್ ತೋರಿಸಿದಳು. ಫೋನಿನ ಬಣ್ಣ ನಾನು ನಂಬುವುದಿಲ್ಲ. ಮೇಲಾಗಿ ನೀವು ಚಿತ್ರ ಮಾತ್ರ ತೆಗೆದಿದ್ದೀರಿ.

ಗೋಡೆಗೆ ಯಾವ ಬಣ್ಣ?

ಕುಪ್ಪುಸ್ವಾಮಿ

*

ಮರವೇನಹಳ್ಳಿ
29 ನವೆಂಬರ್, ಬೆಳಿಗ್ಗೆ

ಅಣ್ಣಾ,

ನೀಲಿ. ಅಮ್ಮನವರ ಸೀರೆಯ ಜೊತೆ ಬಂದ ಬ್ಲೌಸ್ ಬಟ್ಟೆಯ ಚೂರು ತೆಗೆದುಕೊಂಡು ಬಂಗಾರಪೇಟೆಗೆ ಹೋಗಿ, ಅಂಗಡಿಯವರಿಗೆ ತೋರಿಸಿ ಅದೇ ನೀಲಿ ಕಲಸಿಸಿದೆ. ನಾಲ್ಕು ಗೋಡೆಗೂ. ಸೀರೆಗೂ ಗೋಡೆಗೂ ಒಂದೇ ಬಣ್ಣ ಇದ್ದರೆ ಲಕ್ಷಣವಾಗಿರುತ್ತದೆ ಎಂದುಕೊಂಡೆ.

ಈ ಸಾಲು ಬರೆಯುವಾಗ ನೀವು ಅಕ್ಟೋಬರಿನಲ್ಲಿ ಬರೆದದ್ದು ಅರ್ಥವಾಗುತ್ತಿದೆ. ಅಯ್ಯೋ.

ಸುಕನ್ಯ

*

ರಾಬರ್ಟ್‌ಸನ್‌ಪೇಟೆ
29 ನವೆಂಬರ್, ಮಧ್ಯಾಹ್ನ

ಸುಕನ್ಯಮ್ಮ,

ಅರ್ಥವಾಯಿತಲ್ಲ, ಬೈಯುವ ಕೆಲಸ ಉಳಿಯಿತು. ನಿಜವಾದ ನೀಲಿ ಎದುರು ಬಂದು ನಿಂತರೆ ನನ್ನ ಬೂದಿ ಬೂದಿಯೇ ಆಗುತ್ತದೆ. ಚೌಕಟ್ಟೂ ಇಲ್ಲ, ಸೆರಗು ಗೋಡೆಗೆ ನೇರ ತಾಗುತ್ತಿದೆ. ಅದಕ್ಕೆ ನಾನು ನೀಲಿ ಡಬ್ಬಿ ತಂದು ಬಳಿದರೆ ಸೀರೆ ಮುಂದೆ ಬಂದು ಮುಖ ಹಿಂದೆ ಹೋಗುತ್ತದೆ. ಜನ ಸೀರೆ ನೋಡಿ ಹೋಗುತ್ತಾರೆ.

ಎರಡು ದಿನದಲ್ಲಿ ಗೋಡೆ ಹೊಡೆಸಬೇಡಿ, ಹಸಿ ವಾಸನೆಗೆ ಹಾಲು ಕೆಟ್ಟೀತು. ಸಂಘದಲ್ಲಿ ಹಿಂಡಿ ಬರುವ ಹಳೇ ಗೋಣಿಚೀಲ ಇರುತ್ತವೆ. ಪ್ಲಾಸ್ಟಿಕ್ ಚೀಲ ಬೇಡ, ನಾರಿನದೇ ಬೇಕು. ಆರು ಚೀಲ ಬಿಚ್ಚಿ, ಒಗೆದು, ಒಂದಕ್ಕೊಂದು ಹೊಲಿದು, ಚಿತ್ರದ ಹಿಂದೆ ಗೋಡೆಗೆ ಬಿಗಿಯಾಗಿ ಹೊಡೆಯಿರಿ. ಚಿತ್ರದ ನಾಲ್ಕೂ ಕಡೆ ಎರಡೆರಡು ಅಡಿ ಗೋಣಿ ಕಾಣಬೇಕು. ಗೋಣಿಯ ಬಣ್ಣ ನನ್ನ ಹಳದಿ ಡಬ್ಬಿಗೆ ತಮ್ಮ.

ಆಮೇಲೆ ಬಾಗಿಲಿಗೆ ಹೋಗಿ ತಿರುಗಿ ನೋಡಿ. ಹತ್ತಿರ ನಿಂತು ನೋಡಬೇಡಿ.

ನನಗೂ ಭಯವಿದೆ. ಕಲಾಳಿಗೆ ಹೇಳಬೇಡಿ.

ಕುಪ್ಪುಸ್ವಾಮಿ

*

ಮರವೇನಹಳ್ಳಿ
2 ಡಿಸೆಂಬರ್ 2024

ಪ್ರೀತಿಯ ಕುಪ್ಪುಸ್ವಾಮಣ್ಣನವರಿಗೆ,

ಶುಕ್ರವಾರ ಸಂಜೆ ಚೀಲ ಒಗೆದು, ಶನಿವಾರವೆಲ್ಲ ನಾನೂ ಪುಷ್ಪಳೂ ದಬ್ಬಳದಲ್ಲಿ ಹೊಲಿದೆವು. ಅಶ್ವತ್ಥಪ್ಪನವರು ಬಾಗಿಲಲ್ಲಿ ನಿಂತು, "ಸ್ಥಾಪಕರನ್ನ ಗೋಣಿ ಮೇಲೆ ಕೂರಿಸ್ತಾ ಇದ್ದೀರಾ, ಚೆಂದ ಐತೆ" ಎಂದರು. ಚಿತ್ರ ಏರಿಸಿ, ಬಾಗಿಲಿಗೆ ಹೋಗಿ, ತಿರುಗಿದೆ. ನೀಲಿ. ಅಣ್ಣಾ, ಅಂಥ ನೀಲಿ. ಅಶ್ವತ್ಥಪ್ಪನವರು ಹತ್ತಿರ ಹೋಗಿ ಮೂಸಿ ನೋಡಿದರು, ರಾತ್ರೋರಾತ್ರಿ ಯಾರಾದರೂ ಬಳಿದಿದ್ದಾರೇನೋ ಎಂದು.

ಭಾನುವಾರ ಹತ್ತು ಗಂಟೆಗೆ ಅಮ್ಮನವರು ಬಂದರು. ಅದೇ ಸೀರೆ. ಕತ್ತರಿ ತಟ್ಟೆಯಲ್ಲಿಟ್ಟು ಹಿಡಿದುಕೊಂಡರೆ ಮುಟ್ಟಲಿಲ್ಲ. "ಮೊದ್ಲು ನೋಡ್ತೀನಿ" ಎಂದು ಟೇಪಿನ ಈಚೆ ನಿಂತು ಒಳಗೆ ಇಣುಕಿದರು. ಹಿಂದೆ ಇನ್ನೂರು ಜನ ಕತ್ತು ಉದ್ದ ಮಾಡಿ ನಿಂತಿದ್ದರು.

ಬಹಳ ಹೊತ್ತು ನೋಡಿದರು. ಆಮೇಲೆ ಚಿತ್ರದ ಕಡೆಗೇ ಕೈ ಮಾಡಿ, "ಇವ್ಳೇನು, ಇವತ್ತೂ ಯಾರ್ಗೋ ಬೈಯ್ಯೋಕೆ ನಿಂತವ್ಳಲ್ಲ!" ಎಂದರು. ಜನ ನಕ್ಕ ಸದ್ದಿಗೆ ಹೊರಗೆ ಕಟ್ಟಿದ್ದ ಹಸುಗಳು ಎದ್ದು ನಿಂತವು. ಅಮ್ಮನವರು ಟೇಪು ಕತ್ತರಿಸಿ ಬಲಗಾಲಿಟ್ಟು ಒಳಗೆ ಬಂದರು.

ಹಸು ಇಲ್ಲದ್ದಕ್ಕೆ ಬೇಸರ ಮಾಡಿಕೊಂಡಾರು ಎಂದುಕೊಂಡಿದ್ದೆ. ಪುಷ್ಪ ಕೇಳಿದಳು. "ಹಸು ಆಚೆ ಐತೆ ಕಣೇ, ಚಿತ್ರಕ್ಕೆ ಸಿಕ್ಕಿಲ್ಲ. ನಾನ್ ಬೈತಾ ಇರೋದು ಅದ್ನೇ" ಎಂದರು. ನರಹುಲಿ ಮುಟ್ಟಿ ನೋಡಿಕೊಂಡು, ಚಿತ್ರದಲ್ಲಿರುವುದೇ ಚಿಕ್ಕದು ಎಂದರು.

ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ನಾನ್ ಹೇಳಿದ್ದೆಲ್ಲಾ ಕೇಳಿಸ್ಕೊಂಡವ್ನೆ ಕಣಮ್ಮಾ ಆ ಪುಣ್ಯಾತ್ಮ. ಕೇಳಿಸ್ಕೊಳ್ದೇ ಇರೋನು ಇಂಗೆ ಬರಿಯೋಕಾಯ್ತದಾ?" ಇಲ್ಲವೆಂದು ನಾನು ಯಾಕೆ ಹೇಳಲಿ?

ಸುಕನ್ಯ

*

ಮರವೇನಹಳ್ಳಿ
20 ಡಿಸೆಂಬರ್ 2024

ಅಣ್ಣನವರಿಗೆ ನಮಸ್ಕಾರ.

ಇದು ಸಂಘದ ಪರವಾಗಿ ಬರೆಯುವ ಕಾಗದ. ನೀವು ನಂಬದಿರಬಹುದು, ಆದ್ದರಿಂದ ಅಂಕಿ ಕೊಡುತ್ತೇನೆ.

ಚಿತ್ರ ಇರುವುದು ಹಾಲು ಪರೀಕ್ಷೆ ಮಾಡುವ ಮೇಜಿನ ಹಿಂದೆ. ಕ್ಯಾನು ಹಿಡಿದು ಬಂದವರು ಅಮ್ಮನವರ ಕಣ್ಣಿಗೆ ನೇರ ಸಿಗುತ್ತಾರೆ. ಎಡಕ್ಕೆ ಸರಿದರೂ ನೋಡುತ್ತಾರೆ, ಬಲಕ್ಕೆ ಸರಿದರೂ ನೋಡುತ್ತಾರೆ. ನವೆಂಬರಿನಲ್ಲಿ ನಮ್ಮ ಸಂಘದ ಹಾಲಿನ ಗಟ್ಟಿತನ ಮಷಿನ್‌ನಲ್ಲಿ ಸರಾಸರಿ ಇಪ್ಪತ್ತಾರು ಡಿಗ್ರಿ ಇತ್ತು. ಈ ಮೂರು ವಾರದಲ್ಲಿ ಇಪ್ಪತ್ತೊಂಬತ್ತು. ಹಸುಗಳು ಅವೇ, ಮೇವು ಅದೇ. ಹಾಲು ಮಾತ್ರ ದಿನಕ್ಕೆ ಅರವತ್ತು ಲೀಟರ್ ಕಡಿಮೆ ಬರುತ್ತಿದೆ. ಆ ಅರವತ್ತು ಲೀಟರ್ ಏನಾಗಿತ್ತು ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿಲ್ಲ. ಕಾಮಸಮುದ್ರದಿಂದ ಬಂದ ಹಾಲು ಒಕ್ಕೂಟದ ಸೂಪರ್‌ವೈಸರ್ ಎರಡು ಸಲ ಮಷಿನ್ ಒರೆಸಿ ನೋಡಿದರು.

ಅತಿ ಹೆಚ್ಚು ಏರಿಕೆ ಕಂಡದ್ದು ಅಧ್ಯಕ್ಷರ ಮನೆಯ ಹಾಲು. ಇಪ್ಪತ್ತಮೂರರಿಂದ ಮೂವತ್ತು.

ನಿನ್ನೆ ಕಮಿಟಿ ಮೀಟಿಂಗಿನಲ್ಲಿ ಅಶ್ವತ್ಥಪ್ಪನವರು ಒಂದು ವಿಷಯ ಎತ್ತಿದರು. ಚಿತ್ರ ಬಹಳ ಚೆನ್ನಾಗಿದೆ, ಆದರೆ ಕಣ್ಣು ಸ್ವಲ್ಪ ಕೆಳಗೆ ನೋಡುವಂತಿದ್ದರೆ ಇನ್ನೂ ಶಾಂತವಾಗಿರುತ್ತದೆ, ಕಲಾವಿದರನ್ನು ಕರೆಸಿ ಸರಿಪಡಿಸೋಣ ಎಂದು. ಐದು ಜನ ಕೂಡಲೇ ಕೈ ಎತ್ತಿದರು. ಠರಾವು ಪಾಸಾಯಿತು. ಕಾರ್ಯದರ್ಶಿಯಾಗಿ ಇದನ್ನು ನಿಮಗೆ ತಿಳಿಸುವುದು ನನ್ನ ಕರ್ತವ್ಯ, ತಿಳಿಸಿದ್ದೇನೆ. ನೀವು ಏನು ಬರೆಯುತ್ತೀರೋ ಅದನ್ನು ಹಾಲಿನ ಹೊತ್ತಿನಲ್ಲಿ ಸಾಲಿನ ಮುಂದೆ ಓದುತ್ತೇನೆ.

ಸುಕನ್ಯ

*

ರಾಬರ್ಟ್‌ಸನ್‌ಪೇಟೆ
24 ಡಿಸೆಂಬರ್ 2024

ಕಾರ್ಯದರ್ಶಿಯವರಿಗೆ, ಅಧ್ಯಕ್ಷರಿಗೆ ಮತ್ತು ಕಮಿಟಿಯ ಎಲ್ಲ ಸದಸ್ಯರಿಗೆ ವಂದನೆಗಳು.

ತಮ್ಮ ಠರಾವು ತಲುಪಿತು. ಕಣ್ಣು ಇಳಿಸುವುದು ಕಷ್ಟದ ಕೆಲಸವಲ್ಲ. ಎರಡು ಗಂಟೆ ಸಾಕು.

ಇದಕ್ಕೆ ಮೊದಲು ಬರೆದ ಇನ್ನೂರ ಹನ್ನೆರಡು ಚಿತ್ರಗಳಲ್ಲಿ ಮನೆಯವರು ಕೇಳಿದ ಬದಲಾವಣೆ ಎಲ್ಲ ಮಾಡಿಕೊಟ್ಟಿದ್ದೇನೆ. ಹೋದವರನ್ನು ಕೇಳುವ ಹಾಗಿರಲಿಲ್ಲ. ಮುನಿನಾರಾಯಣಮ್ಮನವರು ಬದುಕಿದ್ದಾರೆ. ಬದುಕಿರುವವರ ಕಣ್ಣು ಮುಟ್ಟಬೇಕಾದರೆ ಅವರ ಒಪ್ಪಿಗೆ ಬೇಕು.

ಆದ್ದರಿಂದ ಅಧ್ಯಕ್ಷರು ಕೈ ಎತ್ತಿದ ಐದೂ ಜನರನ್ನು ಕರೆದುಕೊಂಡು ಅಮ್ಮನವರ ಮನೆಗೆ ಹೋಗಿ, ಕಣ್ಣು ಯಾಕೆ ಇಳಿಸಬೇಕೆಂದು ಕಾರಣ ಹೇಳಿ ಕೇಳಲಿ. ಅವರು ಹೂಂ ಎಂದ ದಿನ ನಾನು ನಾಲ್ಕು ಡಬ್ಬಿ ತೆಗೆದುಕೊಂಡು ಮೊದಲ ಬಸ್ಸಿಗೆ ಬರುತ್ತೇನೆ.

ಕುಪ್ಪುಸ್ವಾಮಿ